ಬೆತ್ತ ಇಳಿಸದ ಸಿಟ್ಟು

ಹೋದ ವರ್ಷ ಹುತ್ತರಿಗೆ ಕಕ್ಕಬೆಯ ಕಡೆ ಇರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಹೊಸ ಅಕ್ಕಿಯ ಪಾಯಸ ಉಂಡು ಬಿಸಿಲಿಗೆ ಕಾಲು ಚಾಚಿ ಕೂತಿರೋಣ ಎಂದುಕೊಂಡವನನ್ನು ಅವಳ ಗಂಡ ಬಿಡಲಿಲ್ಲ. ಕೋಲಾಟದ ಕಡೆಯ ದಿನ, ಮಂದಿಗೆ ಬರಲೇಬೇಕು ಎಂದು ಜೀಪು ಹತ್ತಿಸಿದ. ಮಂದು ಎಂದರೆ ಹಬ್ಬಕ್ಕೆ ಊರೆಲ್ಲ ಸೇರಿ ಕುಣಿಯುವ ಹುಲ್ಲಿನ ಬಯಲು. ನಾವು ಹೋಗುವಷ್ಟರಲ್ಲಿ ಕೋಲಾಟ ಮುಗಿದು ಬೆತ್ತದ ಆಟ ಶುರುವಾಗಿತ್ತು. ಪರೆಕಳಿ ಎನ್ನುತ್ತಾರೆ. ಇಬ್ಬರು ಎದುರೆದುರು ನಿಂತು ಉದ್ದನೆಯ ಬೆತ್ತದಿಂದ ಒಬ್ಬರ ಕಾಲಿಗೆ ಒಬ್ಬರು ಹೊಡೆಯುವುದು. ಮಂಡಿಯ ಕೆಳಗೆ ಮಾತ್ರ. ಅದಕ್ಕಿಂತ ಮೇಲೆ ಬಿದ್ದರೆ ಹಿರಿಯರು ನಡುವೆ ಬಂದು ಆಟ ನಿಲ್ಲಿಸುತ್ತಾರೆ. ಯಾರೇ ಗೆಲ್ಲಲಿ, ಯಾರೇ ಸೋಲಲಿ, ಕೊನೆಗೆ ಇಬ್ಬರೂ ಅಪ್ಪಿಕೊಂಡು ಹೊರಗೆ ಹೋಗಬೇಕು.

ನನ್ನ ಪಕ್ಕದಲ್ಲಿದ್ದ ಒಬ್ಬಾತ ತನ್ನ ತಮ್ಮನ ಕೈಗೆ ಬೆತ್ತ ಕೊಡುತ್ತಾ, ಒಳಗಿರುವ ಸಿಟ್ಟನ್ನೆಲ್ಲ ಹೊಡೆದು ಖಾಲಿ ಮಾಡಿಬಿಡು, ಮನಸ್ಸು ಹಗುರ ಆಗುತ್ತದೆ ಎಂದ. ಬೆತ್ತಕ್ಕೆ ಸವರಿದ ಎಣ್ಣೆಯ ವಾಸನೆ ಮೂಗಿಗೆ ಬಂತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಎದ್ದು ಜೀಪಿನ ಹತ್ತಿರ ಹೋದೆ. ತಲೆ ಸುತ್ತಿತೋ ಏನೋ ಎಂದು ತಂಗಿಯ ಅಳಿಯ ಓಡಿ ಬಂದು ನೀರು ಕೊಟ್ಟ. ಎಂಬತ್ತರ ಹತ್ತಿರ ಬಂದವನಿಗೆ ಏನೇ ಆದರೂ ಜನ ಕೊಡುವುದು ನೀರೇ. ಕುಡಿದೆ. ಹೊಡೆದರೆ ಸಿಟ್ಟು ಖಾಲಿಯಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ಯಾಕೆ ಎಂದು ಬೆತ್ತ ಕೊಟ್ಟ ಆ ಹುಡುಗನಿಗೆ ಅಲ್ಲಿ ನಿಂತು ಹೇಳುವ ಹಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಮಡಿಕೇರಿಯಲ್ಲಿ ಇಂಗ್ಲಿಷ್ ಕಮಿಷನರ್ ಇದ್ದ ಕಾಲ. ನಾನು ಶನಿವಾರಸಂತೆ ಕಡೆಯವನು, ಈ ಸೀಮೆಗೆ ಹೊಸಬ. ನಾಪೋಕ್ಲಿನಿಂದ ಇನ್ನೂ ಒಳಗಿದ್ದ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ ಕಂಪೌಂಡರ್ ಆಗಿ ಹಾಕಿದ್ದರು. ಆಸ್ಪತ್ರೆ ಎಂದರೆ ಹೆಂಚಿನ ಎರಡು ಕೋಣೆ, ಒಂದು ಬೆಂಚು, ಸಾಲಾಗಿ ಜೋಡಿಸಿದ ಸೀಸೆಗಳು. ಡಾಕ್ಟರು ಮಂಗಳೂರಿನವರು, ವಾರಕ್ಕೆ ಎರಡು ಸಲ ಬರುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು, ನಾನೇ ಕಸ ಗುಡಿಸುವವನು. ಊರಿನ ತಕ್ಕರಾದ ಕುಶಾಲಪ್ಪನವರ ಮನೆಯ ಹೊರಕೋಣೆಯಲ್ಲಿ ನನ್ನ ವಾಸ. ತಕ್ಕರೆಂದರೆ ದೇವಸ್ಥಾನ, ಹಬ್ಬ, ಜಗಳ ಎಲ್ಲದರಲ್ಲೂ ಮೊದಲ ಮಾತು ಅವರದು. ಬೆಳ್ಳಗಿನ ಮೀಸೆಯ, ಒಳ್ಳೆಯ ಮುದುಕ. ಒಳ್ಳೆಯವರಾಗಿದ್ದರು ಎಂಬುದನ್ನು ಮೊದಲೇ ಹೇಳಿಬಿಡಬೇಕು.

ನನ್ನ ಕೆಲಸದಲ್ಲಿ ಕಾಣುತ್ತಿದ್ದುದು ಮನುಷ್ಯನ ಸಿಟ್ಟಿನ ಇನ್ನೊಂದು ತುದಿ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಎಸ್ಟೇಟಿನ ಲೈನುಗಳಿಂದ, ಎಂದರೆ ಕೂಲಿಯವರ ಸಾಲುಮನೆಗಳಿಂದ, ತಲೆ ಒಡೆದವರು, ತುಟಿ ಸೀಳಿದವರು ಬರುತ್ತಿದ್ದರು. ಯಾರು ಹೊಡೆದದ್ದು ಎಂದರೆ ಹೇಳುತ್ತಿದ್ದರು. ಯಾಕೆ ಎಂದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಕರೆದಾಗ ಓಗೊಡಲಿಲ್ಲ, ನೋಡಿ ನಕ್ಕಳು. ಸಾರಿನ ಉಪ್ಪಿಗಾಗಿ ಯಾರೂ ಸೌದೆ ಎತ್ತಿ ಹೊಡೆಯುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಗಾಯ ತೊಳೆದು ಅಯೋಡಿನ್ ಹಚ್ಚಿ, ಇನ್ನು ಮೇಲೆ ಉಪ್ಪು ಕಡಿಮೆ ಹಾಕು ಎಂದು ನಾನೇ ಬುದ್ಧಿ ಹೇಳಿ ಕಳಿಸಿದ್ದುಂಟು.

ಆ ಊರಲ್ಲಿ ನನಗೆ ಸ್ನೇಹಿತ ಎಂದು ಇದ್ದವನು ದೇವಯ್ಯ. ಹತ್ತಿರದ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರ್. ಕೆಲಸಗಾರರ ಹಾಜರಿ ಬರೆದು, ಕುಯ್ಲಿನ ಮೇಲ್ವಿಚಾರಣೆ ನೋಡುವ ಕೆಲಸ. ಇಸ್ತ್ರಿ ಮಾಡಿದ ಕೋಟು, ಟೋಪಿ, ಸಣ್ಣ ದನಿ. ಕೆಲಸದ ಹೆಂಗಸರನ್ನು ಸಹ ಅಕ್ಕ, ಅವ್ವ ಎಂದೇ ಕರೆಯುತ್ತಿದ್ದ. ದೊರೆಯ ಬಂಗಲೆಯಲ್ಲಿ ಓದಿ ಬಿಸಾಕಿದ ಪೇಪರನ್ನು ನನಗಾಗಿ ಮಡಚಿ ತರುತ್ತಿದ್ದ. ಅವನ ಹೆಂಡತಿ ಚೆನ್ನಮ್ಮ. ಚೆನ್ನಮ್ಮನ ಅಣ್ಣ ಬೆಳ್ಯಪ್ಪ ಅದೇ ಊರಿನ ಗದ್ದೆಯಾಚೆ ಮನೆಯವನು. ಆಳೂ ದೊಡ್ಡವನು, ಬಾಯಿಯೂ ದೊಡ್ಡದು. ಅವನಿದ್ದಲ್ಲಿ ನಗು ಇರಲೇಬೇಕು. ದೇವಯ್ಯ, ಬೆಳ್ಯಪ್ಪ ಇಬ್ಬರೂ ಚಿಕ್ಕಂದಿನಿಂದ ಜೊತೆ. ಆ ಸ್ನೇಹದಿಂದಲೇ ತಂಗಿಯನ್ನು ಕೊಟ್ಟದ್ದು. ಚೆನ್ನಮ್ಮನಿಗೆ ತವರು ಎಂದರೆ ಗದ್ದೆ ದಾಟಿದರೆ ಸಿಗುವ ಅಣ್ಣನ ಮನೆಯೊಂದೇ, ತಂದೆ ತಾಯಿ ಇರಲಿಲ್ಲ.

ಆ ವರ್ಷ ಮಳೆ ಬಿಡಲೇ ಇಲ್ಲ. ಹಿಂಗಾರು ಮುಗಿಯಿತು ಎಂದು ಎಲ್ಲರೂ ಅಂದುಕೊಂಡ ಮೇಲೂ ಮೋಡ ಬೆಟ್ಟದಿಂದ ಇಳಿಯುವುದು, ಒಂದು ಹೊತ್ತು ಸುರಿಯುವುದು, ಮತ್ತೆ ಬಿಸಿಲು. ಹಣ್ಣೆಲ್ಲ ಒಂದೇ ಸಲಕ್ಕೆ ಕೆಂಪಾಗಿ ಗಿಡದ ಬುಡಕ್ಕೆ ಉದುರತೊಡಗಿತು. ಕಣದಲ್ಲಿ ಹರಡಿದ್ದು ಒಣಗದೆ ಹುಳಿ ವಾಸನೆ ಊರವರೆಗೆ ಬರುತ್ತಿತ್ತು. ಕುಯ್ಯುವುದೋ, ಉದುರಿದ್ದನ್ನು ಹೆಕ್ಕುವುದೋ ಎಂದು ಜನಕ್ಕೆ ದಿಕ್ಕು ತೋಚಲಿಲ್ಲ. ದೊರೆಗೆ ತಲೆ ಕೆಟ್ಟಿತ್ತು. ಮೇಲೆ ವಿಲಾಯತಿಯಲ್ಲಿ ಅವನಿಗೂ ಒಬ್ಬ ಯಜಮಾನ ಇದ್ದಿರಬೇಕು, ಅವನು ಇವನಿಗೆ ಏನು ಬರೆದಿದ್ದನೋ ನನಗೆ ಗೊತ್ತಿಲ್ಲ.

ಒಂದು ಬೆಳಿಗ್ಗೆ ದೊರೆ ದೇವಯ್ಯನ ಪಾಲಿನ ತೋಟಕ್ಕೆ ಬಂದ. ಒಂದು ಸಾಲಿನ ಬುಡದಲ್ಲಿ ಉದುರಿದ ಹಣ್ಣು ಹಾಗೇ ಇತ್ತು. ಕೆಸರಿನಲ್ಲಿ ಹೂತುಹೋಗಿತ್ತು ಎಂದು ಹೆಂಗಸರು ಆಮೇಲೆ ಹೇಳಿದರು. ದೊರೆ ಬೈಯಲಿಲ್ಲ, ಹೊಡೆಯಲಿಲ್ಲ. ಕೋಲಿನಿಂದ ನೆಲ ತೋರಿಸಿ, ನೀನೇ ಹೆಕ್ಕು ಎಂದ. ದೇವಯ್ಯ ಬಗ್ಗಿ ಹೆಕ್ಕಲು ಹೋದರೆ, ಹಾಗಲ್ಲ, ಕೂತು ಎಂದ. ಕೋಟು ಹಾಕಿದ ರೈಟರ್ ಕೆಸರಿನಲ್ಲಿ ಮಂಡಿಯೂರಿ ಆ ಸಾಲು ಮುಗಿಯುವವರೆಗೆ ಹಣ್ಣು ಹೆಕ್ಕಿದ. ಅವನ ಕೈಕೆಳಗಿನ ಹೆಂಗಸರು ಕುಕ್ಕೆ ಹಿಡಿದು ಸುತ್ತ ನಿಂತಿದ್ದರು. ಹೋಗಲು ಅಪ್ಪಣೆ ಇರಲಿಲ್ಲ. ಒಬ್ಬಳಿಗೆ ಹೆದರಿಕೆಗೋ ಏನೋ ಕಿಸಕ್ಕನೆ ನಗು ಬಂತಂತೆ.

ಆ ಸಂಜೆ ದೇವಯ್ಯ ಆಸ್ಪತ್ರೆಗೆ ಬಂದು ತಲೆನೋವಿಗೆ ಮದ್ದು ಕೇಳಿದ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಹಾಗೇ ಇತ್ತು. ನನಗೆ ವಿಷಯ ಆಗಲೇ ಗೊತ್ತಾಗಿತ್ತು, ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪೇಪರ್ ತಂದಿದ್ದ. ಮಳೆ ಬಿಡುವ ಹಾಗೆ ಕಾಣುತ್ತದೆ ಎಂದ.

ಅದಾದ ಮುಂದಿನ ವಾರವೇ ಅವನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ, ಬೆಳ್ಯಪ್ಪನ ಮನೆಯಲ್ಲಿ. ಗಂಡು ಮಗು. ನೆಂಟರು, ನೆರೆಹೊರೆ, ಎಸ್ಟೇಟಿನ ನಾಲ್ಕು ಜನ, ನಾನು, ತಕ್ಕರು ಎಲ್ಲ ಇದ್ದೆವು. ಆ ಕಡೆ ಬಾವಂದಿರು ಒಬ್ಬರನ್ನೊಬ್ಬರು ಗೇಲಿ ಮಾಡುವುದು ಹಕ್ಕು ಎನ್ನುವ ಹಾಗೆ ನಡೆಯುತ್ತದೆ. ಬಾವ ಗೇಲಿ ಮಾಡದಿದ್ದರೆ ಏನೋ ಮುನಿಸಿರಬೇಕು ಎಂದು ಹೆಂಗಸರು ವಿಚಾರಿಸುತ್ತಾರೆ. ದೇವಯ್ಯ ಹೊಸ ಪಂಚೆ ಉಟ್ಟು ಚಾಪೆಯ ಮೇಲೆ ಕೂತಿದ್ದ. ಬೆಳ್ಯಪ್ಪ ಒಳಗಿನಿಂದ ಒಂದು ಕುಕ್ಕೆ ತಂದು ಅವನ ಮುಂದಿಟ್ಟ. ಒಂದು ಹಿಡಿ ಕಾಫಿ ಹಣ್ಣನ್ನು ನೆಲದ ಮೇಲೆ ಚೆಲ್ಲಿ ಕೈಮುಗಿದು, ದೊರೆಯ ದನಿ ಮಾಡಿ, "ರೈಟರೇ, ಹೆಕ್ಕಿ" ಎಂದ.

ಮನೆಯೆಲ್ಲ ನಕ್ಕಿತು. ತಕ್ಕರು ನಕ್ಕರು, ನನಗೂ ನಗು ಬಂತು. ದೇವಯ್ಯನೂ ನಕ್ಕ. ನಕ್ಕು ಒಂದೆರಡು ಹಣ್ಣು ಹೆಕ್ಕಿ ಕುಕ್ಕೆಗೆ ಹಾಕಿಯೂ ಬಿಟ್ಟ, ಅದಕ್ಕೆ ಇನ್ನಷ್ಟು ನಗು. ಆಮೇಲೆ ಚೆನ್ನಾಗಿ ಉಂಡ. ಬೆಳ್ಯಪ್ಪನ ಮನಸ್ಸಿನಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಊರೆಲ್ಲ ಗುಸುಗುಸು ಮಾಡುತ್ತಿದ್ದ ಒಂದು ಮಾತನ್ನು ನಗುವಿನಲ್ಲಿ ತೇಲಿಸಿಬಿಟ್ಟರೆ ಬಾವನಿಗೆ ಸಮಾಧಾನ ಆಗುತ್ತದೆ ಎಂದೇ ಅವನು ಮಾಡಿದ್ದು.

ಕೆಲವು ದಿನ ಕಳೆದು ಬೆಳ್ಯಪ್ಪನ ಬೇಟೆನಾಯಿ ಗದ್ದೆ ದಾಟಿ ದೇವಯ್ಯನ ಅಂಗಳಕ್ಕೆ ಬಂತು. ಯಾವಾಗಲೂ ಬರುತ್ತಿದ್ದ ನಾಯಿ. ಚೆನ್ನಮ್ಮ ತವರಿನ ನಾಯಿ ಎಂದು ಅನ್ನ ಹಾಕುತ್ತಿದ್ದಳು. ಅಂದು ಅದು ಒಣಗಲು ಹಾಕಿದ್ದ ದೇವಯ್ಯನ ಕೋಟಿನ ತೋಳು ಎಳೆದು ಕೆಸರಿಗೆ ಹಾಕಿತು. ದೇವಯ್ಯ ಗುದ್ದಲಿಯ ಕಾವು ತೆಗೆದುಕೊಂಡು ಅದನ್ನು ಹೊಡೆದು ಕೊಂದ. ಕೋಳಿ ಕುಯ್ಯಲು ಸಹ ಆಳು ಕರೆಯುತ್ತಿದ್ದವನು.

ಬೆಳ್ಯಪ್ಪನಿಗೆ ಆ ನಾಯಿ ಮಗನ ಹಾಗೆ. ಬಾವ ಬಂದು ತಪ್ಪಾಯಿತು ಎನ್ನುವವರೆಗೆ ತಂಗಿಯೂ ಈ ಹೊಸ್ತಿಲು ತುಳಿಯುವುದು ಬೇಡ ಎಂದು ಹೇಳಿ ಕಳಿಸಿದ. ದೇವಯ್ಯ, ಆ ಮನೆಗೆ ಹೋದರೆ ಹೆಂಡತಿ ತಿರುಗಿ ಈ ಮನೆಗೆ ಬರುವುದು ಬೇಡ ಎಂದ. ಇಬ್ಬರೂ ಸಿಟ್ಟಿನಲ್ಲಿ ಹೇಳಿದ ಮಾತಿಗೆ ಬಿಗಿಯಾಗಿ ನಿಂತರು. ನಡುವೆ ಸಿಕ್ಕಿಬಿದ್ದವಳು ಚೆನ್ನಮ್ಮ. ಮಗುವಿನ ಕೆಮ್ಮಿಗೆ ಮದ್ದು ಕೇಳಲು ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಗದ್ದೆಯಾಚೆ ಅಣ್ಣನ ಮನೆಯ ಹೊಗೆ ಕಾಣುತ್ತದೆಯೋ ಎಂದು ಕಿಟಕಿಯಲ್ಲಿ ನೋಡುತ್ತಿದ್ದಳು.

ಹುತ್ತರಿ ಹತ್ತಿರ ಬಂತು. ಹುತ್ತರಿಗೆ ತವರಿಗೆ ಹೋಗದ ಹೆಣ್ಣು ಎಂದರೆ ಊರಿಗೇ ಒಳ್ಳೆಯದಲ್ಲ ಎಂದು ತಕ್ಕರಿಗೆ ಯೋಚನೆ ಹತ್ತಿತು. ಇಬ್ಬರನ್ನೂ ಬೇರೆ ಬೇರೆ ಕರೆಸಿ ಮಾತಾಡಿದರು. ನಾಯಿಯ ಮಾತು ಬಂತೇ ಹೊರತು ಕುಕ್ಕೆಯ ಮಾತನ್ನು ಯಾರೂ ಎತ್ತಲಿಲ್ಲ. ದೇವಯ್ಯನಿಗೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಬೆಳ್ಯಪ್ಪನಿಗೆ ಅದು ನೆನಪೇ ಇರಲಿಲ್ಲ. ಕಡೆಗೆ ತಕ್ಕರು ಒಂದು ದಾರಿ ಹುಡುಕಿದರು. ಬೆತ್ತದ ಆಟಕ್ಕೆ ಇಬ್ಬರನ್ನೂ ಎದುರೆದುರು ನಿಲ್ಲಿಸುವುದು.

ಮಂದಿನಲ್ಲಿ ಅದಕ್ಕೆ ಒಂದು ಕಟ್ಟಳೆ ಇತ್ತು. ನಿಜವಾಗಿ ಮನಸ್ತಾಪ ಇರುವವರನ್ನು ಎದುರು ಬದುರು ನಿಲ್ಲಿಸಬಾರದು. ಆ ಊರಿನಲ್ಲಿ ಕೊಡವರೂ ಗೌಡರೂ ಕೂಡಿ ಆಡುತ್ತಿದ್ದ ಮಂದು ಅದು, ಎಲ್ಲರಿಗೂ ಈ ಕಟ್ಟಳೆ ಗೊತ್ತಿತ್ತು. ತಕ್ಕರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರಿಗೆ ಆ ಕೊನೆಯ ಅಪ್ಪುಗೆಯ ಮೇಲೆ ಬಹಳ ನಂಬಿಕೆ. ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನಗೆ ಹೇಳಿದರು.

"ಇಬ್ರೂ ಒಳ್ಳೆ ಮಕ್ಕ. ಬಾಯಿಲಿ ಹೇಳಿಕೆ ಆಗದ್ದ್ ಕೈಲಿ ಹೋಗ್ಲಿ. ಕೀವು ತುಂಬಿದ್ರೆ ನೀವು ಕುಯ್ದ್ ತೆಗಿಯುದಿಲ್ಲೆಯಾ ಕಂಪೌಂಡರೇ?"

ತೆಗೆಯುತ್ತೇವೆ ಎಂದೆ. ಮಾತು ನನ್ನ ಕಸುಬಿನದು, ನನಗೆ ಸರಿಯಾಗಿಯೇ ಕಂಡಿತು. ಡಾಕ್ಟರಿಗೆ ಹೇಳಿದಾಗ ಅವರೂ, ಒಳ್ಳೆಯ ಉಪಾಯ, ಅದುಮಿಟ್ಟ ಕೋಪ ಬಹಳ ಕೆಟ್ಟದ್ದು ಎಂದರು. ಬೇಡ ಎಂದವಳು ಚೆನ್ನಮ್ಮ ಒಬ್ಬಳೇ. ತಕ್ಕರಿಗೆ ಹೇಳುವ ಧೈರ್ಯವಿಲ್ಲದೆ ನನ್ನ ಹತ್ತಿರ ಬಂದಿದ್ದಳು.

"ಇವ್ರ ಕೈಗೆ ಬೆತ್ತ ಕೊಡುದು ಬೇಡ ಅಣ್ಣ," ಎಂದಳು. "ನಾಯಿಗೆ ಹೊಡೆವಾಗ ನಾ ಅಲ್ಲೇ ಇದ್ದೆ. ನಾಯಿ ಸತ್ತ ಮೇಲೂ ಇವ್ರು ನಿಲ್ಸಿಲ್ಲೆ."

ನಾನು ಆ ಮಾತನ್ನು ತಕ್ಕರಿಗೆ ಮುಟ್ಟಿಸಿದೆ. ಅವರು, ಹೆಂಗಸರಿಗೆ ಹೆದರಿಕೆ ಇರುವುದೇ ಎಂದು ಬೇರೆ ಮಾತಿಗೆ ಹೋದರು.

ಹುತ್ತರಿಯ ಹೊತ್ತಿಗೆ ಮಳೆ ನಿಂತು ಚಳಿ ಬಿದ್ದಿತ್ತು. ಮಂದಿನ ಹುಲ್ಲು ಇನ್ನೂ ಹಸಿ. ದುಡಿ ಬಾರಿಸುವವರು ಒಂದು ಮೂಲೆಯಲ್ಲಿ, ಹೆಂಗಸರು ಮರದ ಕೆಳಗೆ. ದೇವಯ್ಯ, ಬೆಳ್ಯಪ್ಪ ಎದುರಾಗುತ್ತಾರೆ ಎಂದು ಸುದ್ದಿಯಾಗಿ ಪಕ್ಕದ ಊರುಗಳಿಂದಲೂ ಜನ ಬಂದಿದ್ದರು. ಎಸ್ಟೇಟಿನವರೂ ಇದ್ದರು. ಸರದಿ ಬಂದಾಗ ಇಬ್ಬರೂ ತಕ್ಕರ ಕಾಲು ಮುಟ್ಟಿ ಬೆತ್ತ ತೆಗೆದುಕೊಂಡರು.

ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಬೆಳ್ಯಪ್ಪ ಹೊಡೆದ, ದೇವಯ್ಯ ಹಾರಿದ. ದೇವಯ್ಯ ಹೊಡೆದದ್ದು ಬೆಳ್ಯಪ್ಪನ ಮೀನಖಂಡಕ್ಕೆ ಬಿತ್ತು. ಬೆಳ್ಯಪ್ಪ ಅಬ್ಬಾ ಎಂದು ಕುಂಟಿ ತೋರಿಸಿ ಜನರನ್ನು ನಗಿಸಿದ. ತಕ್ಕರು ನನ್ನ ಕಡೆ ನೋಡಿ ತಲೆ ಆಡಿಸಿದರು, ನೋಡಿ, ಇಳಿಯುತ್ತಿದೆ ಎನ್ನುವ ಹಾಗೆ. ಆದರೆ ಹತ್ತಿರ ನಿಂತಿದ್ದ ನನಗೆ ದೇವಯ್ಯನ ಉಸಿರು ಕೇಳುತ್ತಿತ್ತು. ಒಂದೊಂದು ಏಟಿಗೂ ಅದು ಇಳಿಯುವ ಬದಲು ಏರುತ್ತಿತ್ತು.

ಆಗ ಬೆಳ್ಯಪ್ಪನ ಒಂದು ಏಟು ತಗಲಿ ದೇವಯ್ಯನ ಬೆತ್ತ ಕೈಜಾರಿತು. ಅದನ್ನು ತೆಗೆದುಕೊಳ್ಳಲು ಅವನು ಒದ್ದೆ ಹುಲ್ಲಿನ ಮೇಲೆ ಒಂದು ಮಂಡಿಯೂರಿದ. ಬೆಳ್ಯಪ್ಪ ಕಟ್ಟಳೆಯಂತೆ ತನ್ನ ಬೆತ್ತ ಕೆಳಗಿಳಿಸಿ ಕಾಯುತ್ತಾ ನಿಂತ. ಜನರ ನಡುವಿನಿಂದ ಯಾರೋ, ಯಾರೆಂದು ಇವತ್ತಿಗೂ ಗೊತ್ತಿಲ್ಲ, "ಹೆಕ್ಕಿ ರೈಟರೇ, ಹೆಕ್ಕಿ" ಎಂದರು. ಮಂದಿಗೆ ಮಂದೇ ನಕ್ಕಿತು.

ದೇವಯ್ಯ ಎದ್ದವನೇ ಬೆಳ್ಯಪ್ಪನ ಮುಖಕ್ಕೆ ಹೊಡೆದ. ಬೆಳ್ಯಪ್ಪ ಬೆತ್ತ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿದ. ಮತ್ತೆ ಹೊಡೆದ, ತಲೆಗೆ, ಕೈಬೆರಳಿಗೆ, ಭುಜಕ್ಕೆ. ಹಿರಿಯರು ಓಡಿ ಬಂದು ಹಿಡಿದುಕೊಂಡರೂ ಅವನ ತೋಳು ಹೊಡೆಯುತ್ತಲೇ ಇತ್ತು. ಬೆತ್ತ ಕಿತ್ತುಕೊಂಡ ಮೇಲೂ ಬರಿಗೈ ಸ್ವಲ್ಪ ಹೊತ್ತು ಹಾಗೇ ಆಡಿತು.

ಆಮೇಲೆ ನಡೆದದ್ದು ನನಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಟ್ಟಿತು. ತಕ್ಕರು, ಅಪ್ಪಿಕೊಳ್ಳಿ ಮಕ್ಕಳೇ, ಆಟ ಮುಗಿಯಬೇಕು ಎಂದರು. ಆಟ ಮುಗಿಯದೆ ಮಂದು ಬಿಡುವ ಹಾಗಿಲ್ಲವಲ್ಲ. ಬೆಳ್ಯಪ್ಪ ಒಂದು ಕೈಯಲ್ಲಿ ಕಣ್ಣು ಒತ್ತಿಕೊಂಡು, ಇನ್ನೊಂದು ಕೈಯನ್ನು ಬಾವನ ಹೆಗಲಿಗೆ ಹಾಕಿದ. ದೇವಯ್ಯನ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ದುಡಿಯವರು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಬಾರಿಸತೊಡಗಿದರು.

ನಾನು ಗಾಯ ತೊಳೆದು ಕಟ್ಟಿ ಎತ್ತಿನ ಗಾಡಿಯಲ್ಲಿ ಮಡಿಕೇರಿಗೆ ಕಳಿಸಿದೆ. ಎಡಗಣ್ಣು ಉಳಿಯಲಿಲ್ಲ. ಹೇಗಾಯಿತು ಎಂದು ಅಲ್ಲಿಯ ಡಾಕ್ಟರು ಕೇಳಿದ್ದಕ್ಕೆ ಬೆಳ್ಯಪ್ಪ, ಆಟದಲ್ಲಿ ತಗಲಿತು ಎಂದಷ್ಟೇ ಹೇಳಿದನಂತೆ. ಪೊಲೀಸರಿಗೂ ಅದೇ ಮಾತು. ಮಂದಿನ ಏಟನ್ನು ಮಂದಿನಿಂದ ಆಚೆಗೆ ಒಯ್ಯಬಾರದು ಎಂಬುದೂ ಒಂದು ಕಟ್ಟಳೆ.

ದೇವಯ್ಯ ನನ್ನ ಹತ್ತಿರ ಬಂದು ಕಣ್ಣು ಹೇಗಿದೆ ಎಂದು ವಿಚಾರಿಸಿದ. ಹೋಯಿತು ಎಂದೆ. ನನಗೆ ಅವನ ಮೇಲೆ ಅಸಹ್ಯ ಬಂದಿತ್ತು, ಕೂರು ಎಂದು ಹೇಳಲಿಲ್ಲ. ನಿಂತೇ ಇದ್ದ.

"ಹೊಡೆವಾಗ ನಂಗೆ ಬಾವ ಕಂಡೇ ಇಲ್ಲೆ," ಎಂದ.

"ಮತ್ತೆ ಯಾರು ಕಂಡರು? ದೊರೆಯಾ?"

ತಲೆ ಅಲ್ಲಾಡಿಸಿದ. "ಕಾಲು ಕಂಡತ್. ಕುಯ್ಯುವ ಹೆಂಗಸ್ರದ್ದ್. ಸುತ್ತ ನಿಂತಿದ್ದೊ ಅಲಾ, ಆ ಕಾಲುಗ."

ಮಂಡಿಯೂರಿ ಕೂತವನಿಗೆ ಕಾಣುವುದು ಕಾಲೇ. ಅಲ್ಲಿಯವರೆಗೆ ನನಗೆ ಅದು ಹೊಳೆದಿರಲಿಲ್ಲ. ಅಸಹ್ಯ ಹೋಗಲಿಲ್ಲ, ಆದರೆ ಅದರ ಜೊತೆ ಇನ್ನೇನೋ ಸೇರಿಕೊಂಡು ನನಗೆ ಅಂದು ಊಟ ಸೇರಲಿಲ್ಲ.

ಒಂದು ವಿಚಿತ್ರ ಹೇಳಬೇಕು. ಅದಾಗಿ ಕೆಲವು ದಿನ ದೇವಯ್ಯ ಬಹಳ ಶಾಂತವಾಗಿದ್ದನಂತೆ. ಮಗುವನ್ನು ಎತ್ತಿಕೊಂಡು ತಿರುಗಿದ, ನೀರು ಸೇದಿ ಕೊಟ್ಟ. ಪಾಪ, ತಕ್ಕರು ಅಷ್ಟನ್ನೇ ಹಿಡಿದುಕೊಂಡು, ಕಣ್ಣು ಹೋದದ್ದು ಕೇಡೇ, ಆದರೆ ಸಿಟ್ಟಂತೂ ಹೋಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಹಬ್ಬದ ರಜೆ ಮುಗಿದು ದೇವಯ್ಯ ಎಸ್ಟೇಟಿಗೆ ಹೋದ. ದೊರೆಯ ಕಿವಿಗೆ ಸುದ್ದಿ ಮುಟ್ಟಿತ್ತು. ಬೆಳಗಿನ ಹಾಜರಿಯಲ್ಲಿ ಎಲ್ಲರ ಮುಂದೆ ದೇವಯ್ಯನ ಬೆನ್ನು ತಟ್ಟಿ, ನಿನ್ನೊಳಗೂ ಗಂಡಸು ಇದ್ದಾನೆ ಎಂದು ನನಗೆ ಗೊತ್ತಿರಲಿಲ್ಲ ಎಂದು ನಕ್ಕ. ಹಣ್ಣು ಹೆಕ್ಕಿಸಿದ್ದು ಅವನಿಗೆ ನೆನಪಿತ್ತೋ ಇಲ್ಲವೋ. ದೇವಯ್ಯ ಕೈಕಟ್ಟಿ ನಿಂತು ಥ್ಯಾಂಕ್ಯೂ ಸರ್ ಎಂದನಂತೆ. ಈ ಸಂಗತಿ ನನಗೆ ಹೇಳಿದ ಮೇಸ್ತ್ರಿ, ಇನ್ನು ನಮ್ಮ ರೈಟರಿಗೆ ಒಳ್ಳೆಯ ಕಾಲ ಎಂದು ಸಂತೋಷಪಟ್ಟ.

ಮರುದಿನ ಚೆನ್ನಮ್ಮ ಆಸ್ಪತ್ರೆಗೆ ಬಂದಳು. ಬಲಗೈ ಊದಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ಬಿದ್ದ ಕೈ ಹೇಗಿರುತ್ತದೆ, ತಿರುಚಿದ ಕೈ ಹೇಗಿರುತ್ತದೆ ಎಂದು ಕಂಪೌಂಡರಿಗೆ ತಿಳಿಯುತ್ತದೆ, ತೋಳಿನ ಮೇಲೆ ಬೆರಳಿನ ಗುರುತು ಸ್ಪಷ್ಟವಾಗಿತ್ತು. ಎಲುಬು ಮುರಿದಿತ್ತು, ಹಲಗೆ ಕಟ್ಟಿ ಕೊರಳಿಗೆ ಬಟ್ಟೆ ಹಾಕಿದೆ. ಯಾಕೆ ಎಂದು ಕೇಳಿದೆ. ಕೊರಳಿನ ಬಟ್ಟೆ ಸರಿಮಾಡಿಕೊಳ್ಳುತ್ತಾ ಹೇಳಿದಳು. ಗಂಡ ಮನೆಗೆ ಬಂದಾಗ, ದೊರೆ ನಿಮ್ಮನ್ನು ಹೊಗಳಿದರಂತೆ ಎಂದು ಇವಳು ನಗುತ್ತಾ ಹೇಳಿದ್ದಳು. ಅಷ್ಟೇ.

ಉಪ್ಪು ಕಡಿಮೆ ಹಾಕು ಎಂದು ನಾನು ಬುದ್ಧಿ ಹೇಳಿ ಕಳಿಸಿದ ಹೆಂಗಸರೆಲ್ಲ ಅಂದು ನೆನಪಾದರು. ಎಲ್ಲಿಗೆ ಹೋಗುತ್ತೀ ಎಂದು ಚೆನ್ನಮ್ಮನನ್ನು ಕೇಳಿದೆ. ಕಿಟಕಿಯಾಚೆ ನೋಡಿದಳು. ಅಣ್ಣ ಹೊಸ್ತಿಲು ತುಳಿಯಬೇಡ ಎಂದಿದ್ದ. ಗಂಡ ಅವನ ಕಣ್ಣು ಕಳೆದಿದ್ದ. ಇನ್ನು ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದಳು. ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು ಗಂಡನ ಮನೆಯ ದಾರಿಯನ್ನೇ ಹಿಡಿದಳು. ಹೋಗಿ ನಿಲ್ಲಿಸುವ ಅಧಿಕಾರ ನನಗೆ ಯಾವುದೂ ಇರಲಿಲ್ಲ.

ಎರಡು ದಿನ ಬಿಟ್ಟು ಬೆಳ್ಯಪ್ಪನ ಕಣ್ಣಿನ ಕಟ್ಟು ಬದಲಿಸಲು ಅವನ ಮನೆಗೆ ಹೋದೆ. ಮಡಿಕೇರಿಯಿಂದ ಬಂದ ಮೇಲೆ ಅವನು ಮಾತು ಕಡಿಮೆ ಮಾಡಿದ್ದ. ನಾನು ಬಾಗಿಲ ಬೆಳಕಿಗೆ ಅವನನ್ನು ಕೂರಿಸಿ ಹಳೆಯ ಬಟ್ಟೆ ಬಿಚ್ಚುತ್ತಿರುವಾಗ ಗದ್ದೆಯ ಬದುವಿನ ಮೇಲೆ ಚೆನ್ನಮ್ಮ ಬರುತ್ತಿರುವುದು ಕಂಡಿತು. ಎಡಗೈಯಲ್ಲಿ ಮಗು, ಕೊರಳಲ್ಲಿ ನಾನು ಕಟ್ಟಿದ ಬಟ್ಟೆ, ತುಟಿಯಲ್ಲಿ ಹೊಸ ಗಾಯ. ಅಂಗಳದ ಅಂಚಿಗೆ ಬಂದು ನಿಂತಳು, ಮೆಟ್ಟಿಲು ಹತ್ತಲಿಲ್ಲ. ಬೆಳ್ಯಪ್ಪ ಉಳಿದ ಕಣ್ಣಿನಿಂದ ಅವಳ ಕೈ ನೋಡಿದ, ತುಟಿ ನೋಡಿದ. ಒಳಗೆ ಬಾ ತಂಗೆ, ಮಗುವಿಗೆ ಬಿಸಿಲು ಎಂದ. ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ ಗೋಡೆಗೆ ಒರಗಿ ಕೂತುಬಿಟ್ಟಳು.

ಹಿಂದೆಯೇ ದೇವಯ್ಯ ಬಂದ. ಕೋಟು, ಟೋಪಿ, ಎಲ್ಲ ಇತ್ತು, ಎಸ್ಟೇಟಿನಿಂದ ನೆಟ್ಟಗೆ ಬಂದಿರಬೇಕು. ಅಂಗಳದ ನಡುವೆ ಕಾಲು ಅಗಲಿಸಿ ನಿಂತ. ಏಟು ತಿನ್ನಲು ಸಿದ್ಧನಾಗಿ ಬಂದವನ ನಿಲುವು ಅದು. ಏಟು ಬಿದ್ದರೆ ತಿರುಗಿ ಹೊಡೆಯುವುದಕ್ಕೂ ಸಿದ್ಧ. ಬೆಳ್ಯಪ್ಪನ ತಲೆಯ ಮೇಲೆ, ಗೋಡೆಯಲ್ಲಿ ಕೋವಿ ಇತ್ತು. ಕೊಡಗಿನ ಮನೆ, ಇಲ್ಲದೆ ಇರುತ್ತದೆಯೇ. ಗದ್ದೆಯಲ್ಲಿ ಭತ್ತ ಕುಯ್ಯುತ್ತಿದ್ದವರು, ದಾರಿಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ಬಂದು ನಿಂತರು.

ಬೆಳ್ಯಪ್ಪ ಎದ್ದ. ಅರ್ಧ ಬಿಚ್ಚಿದ ಬಟ್ಟೆಯ ತುದಿ ನನ್ನ ಕೈಯಲ್ಲೇ ಇತ್ತು, ನಾನೂ ಅವನ ಹಿಂದೆ ಹೋಗಬೇಕಾಯಿತು. ಗೋಡೆಯ ಕಡೆ ಅವನು ತಿರುಗಲಿಲ್ಲ. ಮೆಟ್ಟಿಲು ಇಳಿದು ಬಾವನ ಎದುರು ನಿಂತ.

"ಬಾವ," ಎಂದ. "ತೊಟ್ಟಿಲ ದಿನ ನಾ ಮಾಡ್ದ್ ತಪ್ಪು. ನಾಲ್ಕು ಜನರ ಎದ್ರು ಮಾಡ್ದೆ, ನಾಲ್ಕು ಜನರ ಎದ್ರೇ ಹೇಳ್ತೊಳೆ. ತಪ್ಪಾತ್."

ಮಡಿಕೇರಿಯ ಆಸ್ಪತ್ರೆಯಲ್ಲಿ ಮಲಗಿ ಅವನು ಅದನ್ನೇ ಯೋಚಿಸಿದ್ದಿರಬೇಕು. ಮಂದಿನಲ್ಲಿ ಕೂಗಿದ ಆ ಮಾತು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ ಹೋಗಿ ತನ್ನ ಕುಕ್ಕೆಯ ಹತ್ತಿರ ಬಂದು ನಿಂತಿರಬೇಕು. ಈ ಮಾತಿಗೆ ದೇವಯ್ಯ ತಯಾರಾಗಿ ಬಂದಿರಲಿಲ್ಲ. ಬಹಳ ಸಣ್ಣಗೆ ಹೇಳಿದ.

"ಅಂದೇ ಹೇಳಿದ್ದರೆ ಆಗ್ತಿತ್ತ್."

"ಅಂದ್ ನಂಗೆ ಗೊತ್ತಾಗಿಲ್ಲೆ," ಎಂದ ಬೆಳ್ಯಪ್ಪ. "ನೀವೂ ನೆಗಾಡ್ತಿದ್ದರಿ ಅಲಾ ಬಾವ."

ದೇವಯ್ಯನ ಕಾಲುಗಳು ಹತ್ತಿರ ಬಂದವು, ಹೆಗಲು ಇಳಿಯಿತು. ಅವನು ನಮ್ಮಿಬ್ಬರನ್ನೂ ದಾಟಿ ಬಾಗಿಲ ಕಡೆ ನೋಡಿದ. ಚೆನ್ನಮ್ಮ ಎದ್ದು ಬಂದು ಹೊಸ್ತಿಲ ಒಳಗೆ ನಿಂತಿದ್ದಳು, ಮಗು ಎಡಗೈಯಲ್ಲಿ. ಕರೆದುಕೊಂಡು ಹೋಗುವುದಕ್ಕೆ ಬಂದೆ ಎಂದ ದೇವಯ್ಯ. ಅದು ನಾನು ಹೇಳುವ ಮಾತಲ್ಲ, ನೀವು ಹೇಳುವ ಮಾತೂ ಅಲ್ಲ, ಅವಳೇ ಹೇಳಬೇಕು ಎಂದು ಬೆಳ್ಯಪ್ಪ ಪಕ್ಕಕ್ಕೆ ಸರಿದ.

ದೇವಯ್ಯ ಎರಡು ಹೆಜ್ಜೆ ಮುಂದೆ ಬಂದು, ಮೆಟ್ಟಿಲ ಬುಡದಲ್ಲಿ ನಿಂತು, ಟೋಪಿ ತೆಗೆಯಲು ಕೈ ಎತ್ತಿದ.

ಚೆನ್ನಮ್ಮ ತಟ್ಟನೆ ಕುಗ್ಗಿ, ಮಗುವಿನ ತಲೆಯನ್ನು ಎದೆಗೆ ಒತ್ತಿ, ಮುರಿದ ಕೈಯನ್ನೇ ಅದರ ಮೇಲೆ ಅಡ್ಡ ಹಿಡಿದಳು.

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಹಿಂದೆ ಯಾರಿದ್ದಾರೆ ಎನ್ನುವ ಹಾಗೆ ಸುತ್ತ ನೋಡಿದ. ಆಮೇಲೆ ಟೋಪಿಯ ಹತ್ತಿರ ನಿಂತಿದ್ದ ತನ್ನ ಕೈಯನ್ನೇ ನೋಡಿದ. ಅದನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು, ಬಹಳ ನಿಧಾನವಾಗಿ, ಅವಳು ಇನ್ನೊಮ್ಮೆ ಹೆದರದ ಹಾಗೆ, ಕೆಳಗೆ ಇಳಿಸಿದ.